ಅಜ್ಜಾರು ಬರುವ ತನಕ

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಗೋಪುರ, ಕಳಸ ಏನೂ ಇಲ್ಲ. ಎರಡು ಹುಲ್ಲಿನ ಮನೆ, ಒಂದು ಬೇವಿನ ಮರ, ಮರದ ಕೆಳಗೆ ಒಂಬತ್ತು ಮಕ್ಕಳು.

ಆ ಮಕ್ಕಳಿಗೆ ಪಾಠ ಹೇಳುವವರು ಪರ್ವತಸ್ವಾಮಿಗಳು. ಆದರೆ ಅವರನ್ನು ಸ್ವಾಮಿಗಳೇ ಎಂದು ಯಾರೂ ಕರೆಯುತ್ತಿರಲಿಲ್ಲ. ಊರವರಿಗೂ ಮಕ್ಕಳಿಗೂ ಅವರು ಅಜ್ಜಾರು.

ಒಂದು ಬೆಳಿಗ್ಗೆ ಆಚೆ ದಂಡೆಯಿಂದ ಸುದ್ದಿ ಬಂತು. ಅಜ್ಜಾರಿಗೆ ಪಾಠ ಹೇಳಿದ್ದ ಗುರುಗಳು, ತೊಂಬತ್ತು ದಾಟಿದ ದೊಡ್ಡಜ್ಜಾರು, ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ.

ಅಜ್ಜಾರು ಒಂದು ಧೋತರ ಹೆಗಲಿಗೆ ಹಾಕಿಕೊಂಡು ಎದ್ದರು. ಶಿಷ್ಯ ಅಡವೀಶನನ್ನು ಕರೆದರು.

"ಮಕ್ಕಳು ಇನ್ನ ನಿನ್ನ ಕೈಯಾಗ," ಎಂದರು.

ಅಡವೀಶ ಗಾಬರಿಯಾದ. "ನನಗೇನ್ ಬರ್ತೈತ್ರಿ, ಅಜ್ಜಾರ?"

"ಏನ್ ಬರ್ತೈತಿ ಅದನ್ನ ಕಲಿಸು."

"ನೀವು ತಿರುಗಿ ಯಾವಾಗ ಬರ್ತೀರಿ?"

"ಗೊತ್ತಿಲ್ಲ," ಎಂದು ಅಜ್ಜಾರು ಹರಗೋಲು ಹತ್ತಿದರು.

ಅಡವೀಶ ಹನ್ನೆರಡನೆಯ ವಯಸ್ಸಿಗೆ ಆಶ್ರಮಕ್ಕೆ ಬಂದವನು. ಈಗ ಇಪ್ಪತ್ತೆರಡು. ಈ ಹತ್ತು ವರ್ಷದಲ್ಲಿ ಅಜ್ಜಾರಿಲ್ಲದ ಒಂದು ದಿನವನ್ನೂ ಅವನು ಕಂಡಿರಲಿಲ್ಲ. ಹರಗೋಲು ಚಿಕ್ಕದಾಗುತ್ತ ಹೋದಂತೆ ಅವನಿಗೆ ಅಳು ಒತ್ತರಿಸಿ ಬಂತು. ಆದರೆ ಬೆನ್ನ ಹಿಂದೆ ಒಂಬತ್ತು ಮಕ್ಕಳು ನಿಂತಿದ್ದರಲ್ಲ? ಅಳುವನ್ನು ನುಂಗಿಕೊಂಡು ತಿರುಗಿದ.

"ನಡೀರಿ, ಪಾಠದ ಹೊತ್ತಾತು," ಎಂದ.

ಆ ಅಳುವನ್ನು ಮುಚ್ಚಿಟ್ಟದ್ದೇ ಅವನ ಮೊದಲ ತಪ್ಪು. ಆದರೆ ಇದು ತಪ್ಪೆಂದು ಅವನಿಗೆ ಆಗ ಹೇಳುವವರಾದರೂ ಯಾರಿದ್ದರು?

ಆ ಆಶ್ರಮದ ಪಾಠಕ್ಕೆ ಒಂದು ಕ್ರಮವಿತ್ತು. ಗುರು ಪದ್ಯವನ್ನು ಒಂದು ಸಲ ಹೇಳಬೇಕು, ಮಕ್ಕಳು ಎರಡು ಸಲ ಹೇಳಬೇಕು. ಓಲೆ ಇಲ್ಲ, ಪುಸ್ತಕ ಇಲ್ಲ. ಒಟ್ಟು ನಲವತ್ತು ಪದ್ಯ. ಅಜ್ಜಾರು ಹೋಗುವಾಗ ಹನ್ನೆರಡು ಮುಗಿದಿದ್ದವು.

ಮಕ್ಕಳಿಗೆ ಯಾವ ಕೊರತೆಯೂ ಕಾಣಬಾರದು ಎಂದು ಅಡವೀಶ ನಿಶ್ಚಯಿಸಿದ. ಅಜ್ಜಾರು ಪದ್ಯ ಹೇಳುವ ಮೊದಲು ಸಣ್ಣಗೆ ಎರಡು ಸಲ ಕೆಮ್ಮುತ್ತಿದ್ದರು. ಇವನೂ ಕೆಮ್ಮಿದ. ಅವರು ಕಣ್ಣು ಮುಚ್ಚುತ್ತಿದ್ದರು. ಇವನೂ ಮುಚ್ಚಿದ. ಪದ್ಯ ಮುಗಿದಾಗ ಅವರು ಮಂಡಿಯ ಮೇಲೆ ಅಂಗೈ ತಟ್ಟುತ್ತಿದ್ದರು. ಇವನೂ ತಟ್ಟಿದ. ಅವರ ದನಿ ಸ್ವಲ್ಪ ಮೂಗಿನಿಂದ ಬರುತ್ತಿತ್ತು. ಪಾಪ, ಅದನ್ನೂ ತರಲು ನೋಡಿದ.

ಮೊದಲ ದಿನ ಮಕ್ಕಳು ಸುಮ್ಮನೆ ನೋಡಿದರು. ಎರಡನೆಯ ದಿನ ಒಬ್ಬರನ್ನೊಬ್ಬರು ನೋಡಿಕೊಂಡರು.

ಮೂರನೆಯ ದಿನ ಸಿದ್ದವ್ವ ಎದ್ದು ನಿಂತಳು. ಹತ್ತು ವರ್ಷದ ಹುಡುಗಿ, ಆ ಒಂಬತ್ತು ಜನರಲ್ಲಿ ದೊಡ್ಡವಳು. ಬಾಯಿಯಂತೂ ಎಲ್ಲರಿಗಿಂತ ದೊಡ್ಡದು.

"ಅಣ್ಣಾರ, ನಿಮಗ ನೆಗಡಿ ಆಗೇತೇನ್ರಿ?"

"ಇಲ್ಲಲ್ಲ."

"ಮತ್ಯಾಕ ಅಜ್ಜಾರಂಗ ಕೆಮ್ಮತೀರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಡವೀಶನ ಕಿವಿ ಕೆಂಪಾದವು. ಅಷ್ಟರಲ್ಲಿ ಮುಂದೆ ಕೂತಿದ್ದ ಕಲ್ಲೇಶ ಅಳತೊಡಗಿದ. ಆರು ವರ್ಷದ ಹುಡುಗ, ಹೋದ ಸುಗ್ಗಿಯಲ್ಲಷ್ಟೇ ಬಂದು ಸೇರಿದವನು.

"ಅಜ್ಜಾರು ಬೇಕು," ಎಂದ.

ನಗು ನಿಂತಿತು. ಒಂಬತ್ತು ಕತ್ತುಗಳೂ ಹೊಳೆಯ ಕಡೆ ತಿರುಗಿದವು.

ಅಂದಿನಿಂದ ಅವು ಆ ಕಡೆಯೇ ಉಳಿದವು. ಪಾಠದ ನಡುವೆ ನೀರಿನ ಮೇಲೆ ಹರಗೋಲು ಕಂಡರೆ ಮುಗಿಯಿತು, ಎಲ್ಲರೂ ದಂಡೆಗೆ ಓಡುತ್ತಿದ್ದರು. ಇಳಿದವರು ಬೇರೆ ಯಾರೋ ಎಂದು ಗೊತ್ತಾದಾಗ ಕಾಲೆಳೆದುಕೊಂಡು ಬರುತ್ತಿದ್ದರು.

"ಕುಂದರ್ರಿ! ಹೊಳಿ ಏನ್ ನೋಡ್ತೀರಿ? ಇಲ್ಲಿ ನೋಡ್ರಿ!" ಎಂದು ಅಡವೀಶ ಗದರುತ್ತಿದ್ದ.

ಗದರುವ ಮೊದಲು ತಾನೂ ಒಂದು ಸಲ ಹೊಳೆಯನ್ನು ನೋಡಿರುತ್ತಿದ್ದ. ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಎಂಟನೆಯ ದಿನ ಅವನ ತಾಳ್ಮೆ ಕೆಟ್ಟಿತು. ಒಂದು ಪದ್ಯವನ್ನು ನಾಲ್ಕು ಸಲ ಹೇಳಿದರೂ ಒಂದು ಮಗುವೂ ಬಾಯಿ ತೆರೆದಿರಲಿಲ್ಲ.

"ನಲವತ್ತೂ ಪದ್ಯ ಬಾಯಿಪಾಠ ಆದ ದಿನ ಅಜ್ಜಾರು ಬರ್ತಾರ," ಎಂದುಬಿಟ್ಟ.

ಒಂಬತ್ತು ಕತ್ತುಗಳೂ ಹೊಳೆಯಿಂದ ಅವನ ಕಡೆ ತಿರುಗಿದವು.

"ಅಜ್ಜಾರು ಹೇಳ್ಯಾರೇನ್ರಿ?" ಎಂದಳು ಸಿದ್ದವ್ವ.

ಅಡವೀಶ ಬೇವಿನ ಕೊಂಬೆಯನ್ನು ನೋಡಿದ. "ಹ್ಞೂಂ," ಎಂದ.

ಆಮೇಲೆ ನೋಡಬೇಕಿತ್ತು ಆ ಮಕ್ಕಳನ್ನು! ತಾಟು ತೊಳೆಯುತ್ತ ಪದ್ಯ, ಕರು ಅಟ್ಟುತ್ತ ಪದ್ಯ, ಹೊಳೆಯಲ್ಲಿ ಮುಳುಗಿ ಎದ್ದು ಬಾಯಲ್ಲಿ ನೀರಿರುವಾಗಲೇ ಪದ್ಯ. ಸಿದ್ದವ್ವ ಕಲ್ಲೇಶನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತ ಹೇಳಿಸುತ್ತಿದ್ದಳು. ತಪ್ಪಿದರೆ ಬಾಚಣಿಗೆಯಿಂದಲೇ ಒಂದು ಏಟು. ಒಂದು ವರ್ಷದಲ್ಲಿ ಮುಗಿಯದ ಪಾಠ ಒಂಬತ್ತು ದಿನದಲ್ಲಿ ಮುಗಿಯಿತು.

ಅಡವೀಶನಿಗೆ ಹಿಗ್ಗೋ ಹಿಗ್ಗು. ಕಲಿಸುವುದು ಇಷ್ಟು ಸುಲಭವೇ ಎಂದುಕೊಂಡ. ತಾನು ಹೇಳಿದ ಮಾತು ಅವನಿಗೆ ಮರೆತೇ ಹೋಗಿತ್ತು. ಮಕ್ಕಳು ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಒಂಬತ್ತು ಜನವೂ ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟಿದ್ದರು. ದಂಡೆಯಿಂದ ಮರದವರೆಗೆ ಕಸ ಗುಡಿಸಿ ನೀರು ಚಿಮುಕಿಸಿದ್ದರು. ದಾರಿಯ ಎರಡೂ ಬದಿಗೆ ಸಿದ್ದವ್ವನ ರಂಗೋಲಿ.

ಸರದಿಯಂತೆ ನಲವತ್ತೂ ಪದ್ಯ ಹೇಳಿದರು. ಮೂವತ್ತೆರಡನೆಯದು ಕಲ್ಲೇಶನ ಪಾಲಿಗೆ ಬಂತು. ಮೂರನೆಯ ಸಾಲಿಗೆ ಬಂದು ಹುಡುಗ ತಡವರಿಸಿದ. ಹಿಂದಿನಿಂದ ಸಿದ್ದವ್ವ ಎತ್ತಿಕೊಟ್ಟಳು. ಮುಂದುವರಿಯಿತು, ಮುಗಿಯಿತು.

ಆಮೇಲೆ ಎಲ್ಲರೂ ದಂಡೆಯಲ್ಲಿ ಸಾಲಾಗಿ ಕೂತರು.

ಅಂದು ಹರಗೋಲು ಮೂರು ಸಲ ಬಂತು. ಮೊದಲ ಸಲ ಗಡಿಗೆ ಹೊತ್ತ ಹೆಂಗಸು ಇಳಿದಳು. ಎರಡನೆಯ ಸಲ ಇಬ್ಬರು ಒಕ್ಕಲಿಗರು, ಒಂದು ಆಡು. ಮೂರನೆಯ ಸಲ ಅಂಬಿಗ ಒಬ್ಬನೇ ಬಂದು, ಹರಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿ ಮನೆಗೆ ಹೋದ.

ಮಕ್ಕಳು ಒಂದು ಮಾತೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗಿ ಉಂಡರು. ಆ ಆಶ್ರಮದಲ್ಲಿ ಜಗಳವಿಲ್ಲದೆ ಊಟ ಮುಗಿದದ್ದು ಅದೇ ಮೊದಲು. ಅವರು ಬೈದಿದ್ದರೂ ಅಡವೀಶನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬೆಳಗಾಗುತ್ತಲೇ ಹೊಳೆಯ ಕಡೆಯಿಂದ ಒಂದು ದನಿ ಕೇಳಿಸಿತು. ಹೋಗಿ ನೋಡಿದರೆ ಕಲ್ಲೇಶ. ಮೊಣಕಾಲುದ್ದ ನೀರಿನಲ್ಲಿ ನಿಂತು, ಆಚೆ ದಂಡೆಗೆ ಕೇಳುವಂತೆ ಮೂವತ್ತೆರಡನೆಯ ಪದ್ಯ ಹೇಳುತ್ತಿದ್ದ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಗಂಟಲು ಕಟ್ಟಿಹೋಗಿತ್ತು.

"ಏನ್ ಮಾಡಾಕತ್ತೀಯೋ?"

ಹುಡುಗ ತಿರುಗಿದ. "ನಿನ್ನಿ ನಾ ತಪ್ಪಿದ್ನೆಲ್ರಿ, ಅದಕ್ಕ ಅಜ್ಜಾರು ಬರಲಿಲ್ಲ. ಈಗ ಬರ್ತೈತ್ರಿ ನನಗ. ಬೇಕಾದ್ರ ಕೇಳ್ರಿ, ಒಂದೂ ತಪ್ಪಿಲ್ಲ."

ಮತ್ತೆ ಹೇಳತೊಡಗಿದ. ಒಂದೂ ತಪ್ಪಿರಲಿಲ್ಲ.

ನಿನ್ನದೇನೂ ತಪ್ಪಿಲ್ಲವೋ ಎನ್ನಬೇಕು, ಹಾಗೆಂದರೆ ತನ್ನ ಸುಳ್ಳನ್ನೂ ಹೇಳಬೇಕು. ಅಡವೀಶ ಹುಡುಗನನ್ನು ಎತ್ತಿಕೊಂಡು ಬಂದು ಮೈ ಒರೆಸಿ, ಆಶ್ರಮದಲ್ಲಿ ಅಡುಗೆ ಮಾಡುವ ಮುದುಕಿಗೆ ಮಕ್ಕಳನ್ನು ಒಪ್ಪಿಸಿ, ಮೊದಲ ಹರಗೋಲಿಗೆ ಆಚೆ ದಂಡೆಗೆ ಹೋದ. ಅಜ್ಜಾರನ್ನು ಕರೆದುಕೊಂಡೇ ಬರುತ್ತೇನೆ ಎಂಬ ಒಂದೇ ಯೋಚನೆ ಅವನಿಗೆ.

ಅಲ್ಲಿಂದ ಎರಡು ಹರದಾರಿ ನಡೆದು ದೊಡ್ಡಜ್ಜಾರ ಗುಡಿಸಲು ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ.

ಅಜ್ಜಾರು ಹಾಸಿಗೆಯ ಪಕ್ಕ ಕೂತು ದೊಡ್ಡಜ್ಜಾರಿಗೆ ಗಂಜಿ ಕುಡಿಸುತ್ತಿದ್ದರು. ಶಿಷ್ಯನನ್ನು ಕಂಡು ಕಣ್ಣಲ್ಲೇ ಕೂರು ಎಂದರು. ಹದಿನೆಂಟು ದಿನದ ಮೇಲೆ ಆ ಮುಖ ಕಂಡದ್ದು. ಓಡಿಹೋಗಿ ಅವರ ಮಡಿಲಲ್ಲಿ ತಲೆಯಿಡಬೇಕು ಎನ್ನಿಸಿತು ಅಡವೀಶನಿಗೆ. ಬಾಗಿಲ ಬಳಿ ಕೂತ.

ದೊಡ್ಡಜ್ಜಾರಿಗೆ ಕಣ್ಣು ಪೂರಾ ಹೋಗಿದ್ದವು. ಹೆಜ್ಜೆಯ ಸದ್ದು ಕೇಳಿ ಮುಖ ಎತ್ತಿದರು.

"ಶಂಭು ಬಂದನೇನು?"

"ಇಲ್ರಿ, ಅಪ್ಪಾರ. ಶಂಭು ಬಂದಿಲ್ಲ," ಎಂದರು ಅಜ್ಜಾರು.

"ಯಾವಾಗ ಬರ್ತಾನ?"

"ಗೊತ್ತಿಲ್ರಿ. ನನಗೂ ಅವನ್ನ ನೋಡಬೇಕು ಅನಸ್ತೈತಿ."

ಮುದುಕರು ನಿಟ್ಟುಸಿರು ಬಿಟ್ಟರು. "ಭಾಳ ಚಂದ ಹಾಡ್ತಿದ್ದ."

"ಹೌದ್ರಿ. ಆದ್ರ ಮಲಗಿದ್ರ ಸುಮ್ಮನಿರ್ತಿದ್ದಿಲ್ಲ. ಒಂದ ಚಾಪಿ ಮ್ಯಾಲೆ ಮಲಗ್ತಿದ್ವಿ, ಒದ್ದು ಒದ್ದು ನನ್ನ ಹೊರಗ ಹಾಕ್ತಿದ್ದ."

ದೊಡ್ಡಜ್ಜಾರು ಬೊಚ್ಚುಬಾಯಿ ಬಿಟ್ಟು ನಕ್ಕರು. ಅಜ್ಜಾರು ಒಂದು ಚಮಚ ಗಂಜಿ ಹಾಕಿದರು.

ಅದು ಗಂಟಲಿಗಿಳಿಯುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. "ಶಂಭು ಬಂದನೇನು?"

"ಇಲ್ರಿ, ಅಪ್ಪಾರ. ನನಗೂ ಅವನ್ನ ನೋಡಬೇಕು ಅನಸ್ತೈತಿ."

ಬಟ್ಟಲು ಖಾಲಿಯಾಗುವುದರೊಳಗೆ ಏಳು ಸಲ ಕೇಳಿದರು. ಏಳು ಸಲವೂ ಅಜ್ಜಾರು ಮೊದಲ ಸಲ ಕೇಳಿದವರಂತೆ ಉತ್ತರ ಕೊಟ್ಟರು. ಕೊನೆಗೆ ಮುದುಕರು ಅವರ ಕೈ ಹಿಡಿದುಕೊಂಡೇ ನಿದ್ದೆ ಹೋದರು.

ಅಜ್ಜಾರು ಕೈ ಬಿಡಿಸಿಕೊಂಡು ಹೊರಗೆ ಬಂದರು. ಬಟ್ಟಲು ತೊಳೆಯತೊಡಗಿದರು.

"ಶಂಭು ಅಂದ್ರ ಯಾರ್ರಿ?" ಎಂದ ಅಡವೀಶ.

"ನನ್ನ ಜೋಡಿ ಕಲಿತಾಂವ. ಇವರಿಗೆ ಭಾಳ ಬೇಕಾಗಿದ್ದ. ನಲವತ್ತು ವರ್ಷದ ಹಿಂದ ಒಂದು ದಿನ ಎದ್ದು ಹೋದಾಂವ, ತಿರುಗಿ ಬರಲಿಲ್ಲ."

ಅಡವೀಶ ಒಳಗೆ ಮಲಗಿದ್ದ ಮುದುಕರ ಕಡೆ ನೋಡಿದ.

"ಇವರಿಗೆ ಕಣ್ಣು ಕಾಣಸೂದಿಲ್ಲ. ನಾನ ಶಂಭು ಅಂತ ನೀವು ಹೇಳಿಬಿಟ್ರ? ಜೀವಕ್ಕ ಸಮಾಧಾನ ಆಗೂದಿಲ್ಲೇನ್ರಿ?"

"ಮೊದಲನೇ ದಿನ ನನಗೂ ಹಂಗ ಅನಿಸಿತ್ತು."

"ಮತ್ಯಾಕ ಹೇಳಲಿಲ್ಲ?"

ಅಜ್ಜಾರು ಬಟ್ಟಲಿನ ನೀರು ಚೆಲ್ಲಿದರು.

"ನಾನ ಶಂಭು ಆಗಿ ಎದುರಿಗೆ ಕುಂತ್ರ, ಖರೇ ಶಂಭುನ ಸಲುವಾಗಿ ಅವರು ಯಾರ ಮುಂದ ಅಳಬೇಕು?"

ಅಡವೀಶ ತಲೆ ತಗ್ಗಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ಕೆಮ್ಮಿದ್ದು, ಮೂಗಿನಿಂದ ಹಾಡಿದ್ದು, ನಲವತ್ತು ಪದ್ಯದ ಸುಳ್ಳು. ಕಲ್ಲೇಶ ನೀರಿನಲ್ಲಿ ನಿಂತ ಸಂಗತಿಗೆ ಬಂದಾಗ ಅಜ್ಜಾರ ಕೈ ನಿಂತಿತು.

"ಎಷ್ಟನೇದು ತಪ್ಪಿದ?"

"ಮೂವತ್ತೆರಡನೇದು. ಈಗ ಪೂರಾ ಬರ್ತೈತ್ರಿ."

ಅಜ್ಜಾರು ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಂಡರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅಡವೀಶನಿಗೆ.

"ನೀವು ಬರ್ರಿ, ಅಜ್ಜಾರ," ಎಂದು ಕಾಲು ಹಿಡಿದ. "ದೊಡ್ಡಜ್ಜಾರನ್ನ ನಾ ನೋಡಿಕೋತೀನಿ. ನಿಮ್ಮಷ್ಟ ಚಲೋತ್ನ್ಯಾಗಿ ನೋಡಿಕೋತೀನಿ."

"ಇವರಿಗೆ ನನ್ನ ದನಿ ಗೊತ್ತೈತಿ. ಕಣ್ಣು ಹೋದ ಮ್ಯಾಲ ಇವರಿಗೆ ಅದೊಂದ ಉಳದೈತಿ."

"ಅಲ್ಲಿ ಮಕ್ಕಳಿಗೂ ನಿಮ್ಮ ದನೀನ ಬೇಕ್ರಿ."

"ನಿನ್ನ ದನಿ ಅವರಿನ್ನೂ ಕೇಳಿಲ್ಲ ಹುಚ್ಚಾ. ಬರೇ ನನ್ನ ಕೆಮ್ಮು ಕೇಳ್ಯಾರ."

ಅಡವೀಶನಿಗೆ ನಗು ಬಂತು, ಜೊತೆಗೇ ಅಳುವೂ ಬಂತು. "ಅವರಿಗೆ ನೀವು ಬೇಕ್ರಿ. ನಾನಲ್ಲ," ಎಂದ.

"ನಿನಗ ಯಾರು ಬೇಕು?"

ಅಡವೀಶ ಅವರ ಪಾದಕ್ಕೆ ಹಣೆ ಹಚ್ಚಿದ. ಹದಿನೆಂಟು ದಿನ ನುಂಗಿಕೊಂಡಿದ್ದದ್ದೆಲ್ಲ ಒಟ್ಟಿಗೆ ಬಂತು. ಅಜ್ಜಾರು ಅವನ ತಲೆಯ ಮೇಲೆ ಒದ್ದೆ ಕೈ ಇಟ್ಟರು. ಅವನು ಅತ್ತು ಮುಗಿಸುವ ತನಕ ತೆಗೆಯಲಿಲ್ಲ.

"ಇದನ್ನ ಅವರಿಗೆ ತೋರಿಸೀಯೇನು?"

"ಇಲ್ರಿ."

"ಹೋಗು. ಹೊತ್ತು ಮುಳುಗೂದ್ರೊಳಗ ಹರಗೋಲು ಸಿಗ್ತೈತಿ."

ಒಳಗಿನಿಂದ ದೊಡ್ಡಜ್ಜಾರ ಕೂಗು ಕೇಳಿಸಿತು. ಅಜ್ಜಾರು ಎದ್ದು ಒಳಗೆ ಹೋದರು.

ಈಚೆ ದಂಡೆಗೆ ಹರಗೋಲು ಮುಟ್ಟುವಾಗ ಇನ್ನೂ ಬಿಸಿಲಿತ್ತು. ಒಂಬತ್ತು ಮಕ್ಕಳೂ ಓಡಿ ಬಂದರು. ಅಡವೀಶನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಮುಖಗಳು ಇಳಿದವು.

ಬೇರೆ ದಿನವಾಗಿದ್ದರೆ ಆ ಇಳಿದ ಮುಖಗಳು ಅವನನ್ನು ಚುಚ್ಚುತ್ತಿದ್ದವು. ಇಂದು ಚುಚ್ಚಲಿಲ್ಲ. ಅವನ ಮುಖವೂ ಹಾಗೇ ಇತ್ತು.

ಅವನು ಮರಳಿನ ಮೇಲೆ ಕೂತು ಕಲ್ಲೇಶನನ್ನು ಹತ್ತಿರಕ್ಕೆ ಕರೆದ.

"ನೀ ತಪ್ಪಿದ್ದಕ್ಕ ಅಜ್ಜಾರು ಬರದೇ ಉಳದಿಲ್ಲೋ. ಪದ್ಯ ಮುಗಿದ್ರ ಬರ್ತೀನಿ ಅಂತ ಅವರು ಹೇಳಿದ್ದಿಲ್ಲ. ನಾ ಸುಳ್ಳು ಹೇಳಿದೆ."

ಕಲ್ಲೇಶನಿಗೆ ಅರ್ಥವಾಗಲಿಲ್ಲ. ಸಿದ್ದವ್ವನಿಗೆ ಅರ್ಥವಾಯಿತು.

"ಹಂಗಾದ್ರ ಯಾವಾಗ ಬರ್ತಾರ?"

"ಗೊತ್ತಿಲ್ಲ, ಸಿದ್ದವ್ವಾ. ಅವರಿಗೂ ಗೊತ್ತಿಲ್ಲ."

ಸಿದ್ದವ್ವ ಬಗ್ಗಿ ಒಂದು ಹಿಡಿ ಮರಳು ತೆಗೆದು ಅವನ ಮೇಲೆ ಎರಚಿದಳು. ತಲೆ, ಹುಬ್ಬು, ಕೊರಳು ಎಲ್ಲ ಮರಳಾಯಿತು. ಉಳಿದ ಮಕ್ಕಳು ಎರಡು ಹೆಜ್ಜೆ ಹಿಂದೆ ಸರಿದರು.

ಅಡವೀಶ ಒರೆಸಿಕೊಳ್ಳಲಿಲ್ಲ. "ಇನ್ನೊಂದು ಹಾಕು," ಎಂದ.

ಅವಳು ಇನ್ನೊಂದು ಹಿಡಿ ತೆಗೆದಳು. ಆದರೆ ಕೈ ಏಳಲಿಲ್ಲ. ಅಲ್ಲೇ ಕೂತು ಅಳತೊಡಗಿದಳು.

"ನನಗೂ ಅಜ್ಜಾರು ಬೇಕು," ಎಂದ ಅಡವೀಶ. "ದಿನಾ ಮುಂಜಾನೆ ಎದ್ದು ಅವರ ಜಳಕಕ್ಕ ನೀರು ಕಾಸಾಕ ಇಡ್ತೀನಿ. ಒಲಿ ಹೊತ್ತಿದ ಮ್ಯಾಲ ನೆನಪಾಗ್ತೈತಿ, ಅವರಿಲ್ಲಲ್ಲ ಅಂತ."

ಅಷ್ಟು ಹೇಳುವಾಗ ಅವನ ದನಿ ಒಡೆಯಿತು. ಪಾಠ ಹೇಳುವವರು ಅಳುವುದನ್ನು ಆ ಮಕ್ಕಳು ಕಂಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲೇಶ ಬಂದು ತನ್ನ ಅಂಗಿಯ ತುದಿಯಿಂದ ಅವನ ಕಣ್ಣೊರೆಸಿದ. ಆ ಅಂಗಿಗೆ ಸುಂಬಳವೂ ಇತ್ತು, ಹೋಗಲಿ ಬಿಡಿ.

ಆಮೇಲೆ ಯಾರೂ ಕೇಳದೆಯೇ ಮಾತು ಶುರುವಾಯಿತು. ಅಜ್ಜಾರು ಕಿವಿ ಹಿಂಡಿದರೆ ನೋಯುತ್ತಿರಲಿಲ್ಲ ಎಂದ ಒಬ್ಬ. ಮಧ್ಯಾಹ್ನದ ಪಾಠದಲ್ಲಿ ತೂಕಡಿಸಿ, ಎಚ್ಚರವಾದಾಗ ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದೆ ಎನ್ನುತ್ತಿದ್ದರು ಎಂದ ಇನ್ನೊಬ್ಬ. ಅವರ ಬಗಲಲ್ಲಿ ವಿಭೂತಿ ವಾಸನೆ ಬರುತ್ತಿತ್ತು ಎಂದ ಕಲ್ಲೇಶ. ನಕ್ಕರು, ಅತ್ತರು, ಮತ್ತೆ ನಕ್ಕರು. ಮುದುಕಿ ಎರಡು ಸಲ ಕರೆದ ಮೇಲೆ ಊಟಕ್ಕೆ ಎದ್ದರು. ಅಂದು ಊಟದಲ್ಲಿ ಜಗಳವಾಯಿತು. ಅಡವೀಶನಿಗೆ ಜೀವ ಬಂದಂತಾಯಿತು.

ಮರುದಿನ ಬೇವಿನ ಮರದ ಕೆಳಗೆ ಅವನು ಕೆಮ್ಮಲಿಲ್ಲ. ಕಣ್ಣು ಮುಚ್ಚಲೂ ಇಲ್ಲ. ಮೊದಲ ಪದ್ಯವನ್ನೇ ಮತ್ತೆ ಎತ್ತಿಕೊಂಡ. ಒಂಬತ್ತು ದಿನದಲ್ಲಿ ನುಂಗಿದ್ದನ್ನು ಇನ್ನು ನಿಧಾನವಾಗಿ ಅಗಿಯಬೇಕಲ್ಲ?

ಅವನ ತಾಯಿ ಜೋಳ ಬೀಸುತ್ತ ಹಾಡುತ್ತಿದ್ದ ಒಂದು ಧಾಟಿ ಅವನಿಗೆ ಬರುತ್ತಿತ್ತು. ಪದ್ಯವನ್ನು ಆ ಧಾಟಿಗೆ ಹಾಕಿ ಹೇಳಿದ. ಅವನ ದನಿ ಒರಟು, ಅಲ್ಲಲ್ಲಿ ಸೀಳುತ್ತಿತ್ತು.

ಸಿದ್ದವ್ವ ಹುಬ್ಬೇರಿಸಿದಳು. "ಇದು ಯಾರ ರಾಗರಿ?"

"ನಮ್ಮವ್ವಂದು."

ಅವಳು ಒಂದು ಗಳಿಗೆ ಯೋಚಿಸಿದಳು. "ಚಲೋ ಐತಿ," ಎಂದು ಪದ್ಯವನ್ನು ಆ ರಾಗದಲ್ಲೇ ಎರಡು ಸಲ ಹೇಳಿದಳು. ಉಳಿದವರೂ ಹೇಳಿದರು.

ಅಂದಿನಿಂದ ಆ ಆಶ್ರಮದಲ್ಲಿ ಒಂದು ಹೊಸ ಕ್ರಮ ಬಂತು. ಯಾರೂ ಮಾಡಿದ್ದಲ್ಲ, ತಾನಾಗಿಯೇ ಆದದ್ದು. ಹೊಳೆಯಲ್ಲಿ ಹರಗೋಲು ಕಂಡರೆ ಪಾಠ ನಿಲ್ಲಬೇಕು. ಎಲ್ಲರೂ ಎದ್ದು ನಿಲ್ಲಬೇಕು, ಅಣ್ಣನೂ ನಿಲ್ಲಬೇಕು. ಇಳಿದವರ ಮುಖ ಕಾಣುವ ತನಕ ನೋಡಬೇಕು. ಅಜ್ಜಾರಲ್ಲವೆಂದು ಗೊತ್ತಾದ ಮೇಲೆ ಎಲ್ಲರೂ ಕೂತು, ನಿಂತಲ್ಲಿಂದ ಪದ್ಯ ಎತ್ತಿಕೊಳ್ಳಬೇಕು.

ಹೊಳೆಯ ಕಡೆ ನೋಡಬೇಡಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಹಂಬಲ ಕಡಿಮೆಯಾಗಲೂ ಇಲ್ಲ. ಹತ್ತು ಜನ ಸೇರಿ ಹೊತ್ತದ್ದರಿಂದ ಹೊರುವಷ್ಟಾಯಿತು, ಅಷ್ಟೇ.

ಬೇಸಿಗೆ ಕಳೆಯಿತು. ಹೊಳೆಗೆ ಕೆಂಪು ನೀರು ಬಂತು, ಇಳಿಯಿತು. ಜೋಳ ತೆನೆ ಬಿಟ್ಟಿತು. ಕಲ್ಲೇಶನ ಮುಂದಿನ ಹಲ್ಲು ಎರಡು ಬಿದ್ದು ಒಂದು ಬಂತು.

ಒಂದು ಮುಂಜಾನೆ ಇಪ್ಪತ್ತೊಂದನೆಯ ಪದ್ಯ ನಡೆದಿತ್ತು. ದೂರದಲ್ಲಿ ಹರಗೋಲು ಕಾಣಿಸಿತು. ಎಲ್ಲರೂ ಎದ್ದರು. ಹರಗೋಲಿನಲ್ಲಿ ಯಾರೋ ಬಿಳಿಯ ಬಟ್ಟೆಯವರು ಬೆನ್ನು ಬಾಗಿಸಿ ಕೂತಿದ್ದರು. ಮುಖ ಕಾಣಿಸುತ್ತಿರಲಿಲ್ಲ. ಸಿದ್ದವ್ವ ಹಣೆಗೆ ಕೈ ಹಚ್ಚಿ ನೋಡಿದಳು.

"ಅಜ್ಜಾರಂಗ ಕಾಣ್ತೈತ್ರಿ, ಅಣ್ಣಾರ!"

ಎಂಟು ಮಕ್ಕಳು ದಂಡೆಯ ಕಡೆ ಓಡಿದರು.

ಕಲ್ಲೇಶ ಓಡಲಿಲ್ಲ. ಅಡವೀಶನ ಧೋತರದ ಅಂಚು ಹಿಡಿದು ನಿಂತಿದ್ದ. ಹೊಳೆಯನ್ನು ನೋಡದೆ ಅವನ ಮುಖವನ್ನೇ ನೋಡುತ್ತಿದ್ದ.

"ಅಣ್ಣಾರ, ಅಜ್ಜಾರು ಬಂದ್ರ ನೀವು ಹೋಗ್ತೀರೇನ್ರಿ?"

ಅಡವೀಶ ಕುಕ್ಕರಗಾಲಿನಲ್ಲಿ ಕೂತು ಹುಡುಗನ ಮುಖಕ್ಕೆ ಮುಖ ತಂದ.

"ಎಲ್ಲಿಗೆ ಹೋಗ್ಲೋ? ಅವರ ಮುಂದ ನಿನ್ನ ಬಾಜೂಕ ಕುಂದರ್ತೀನಿ. ಸ್ವಲ್ಪ ಸರದು ಜಾಗಾ ಕೊಡು."